ತೊಳೆಯಲು ಬರುವ ಕಾವುಪೆಟ್ಟಿಗೆ: ನಮ್ಮ ಶಾಲೆಯ 24 ಮೊಟ್ಟೆಯ ಮೆಷಿನ್

ಹೋದ ವರ್ಷ ನಾವು ಶಾಲೆಯಲ್ಲಿ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಿದ್ದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಒಬ್ಬರು ಬಳಸಿ ಇಟ್ಟಿದ್ದ ಪೆಟ್ಟಿಗೆ, 800 ರೂಪಾಯಿಗೆ ಸಿಕ್ಕಿತು. ಹನ್ನೊಂದು ಮರಿ ಹೊರಗೆ ಬಂದವು. ಮಕ್ಕಳು ಕುಣಿದಾಡಿದರು. ಒಂದು ವಾರ ಕಳೆಯುವುದರೊಳಗೆ ನಾಲ್ಕು ಮರಿ ಸತ್ತವು. ಹೊಟ್ಟೆ ಊದಿಕೊಂಡಿತ್ತು. ಹೊಕ್ಕುಳು ಒಣಗಿರಲಿಲ್ಲ, ಒದ್ದೆಯಾಗಿ ನಾರುತ್ತಿತ್ತು. ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಡಾಕ್ಟರು ಮರಿಯನ್ನು ತಿರುಗಿಸಿ ನೋಡಿ ಕೇಳಿದ ಮೊದಲ ಮಾತು: "ಪೆಟ್ಟಿಗೆ ಹೇಗೆ ತೊಳೆದಿರಿ ಮೇಡಂ?"

ತೊಳೆದಿರಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದ್ದೆ ಅಷ್ಟೆ.

ಅದೇ ವಾರ ನನ್ನ ತರಗತಿಯ ಇಬ್ಬರು ಮಕ್ಕಳಿಗೆ ಜ್ವರ, ಭೇದಿ. ಮರಿಯಿಂದಲೇ ಬಂತು ಎಂದು ಯಾರೂ ಹೇಳಲಿಲ್ಲ. ಪರೀಕ್ಷೆಯೂ ಆಗಲಿಲ್ಲ. ನಾಲ್ಕೈದು ದಿನದಲ್ಲಿ ಇಬ್ಬರೂ ಹುಷಾರಾದರು. ಆದರೆ ಮಗುವನ್ನು ನೋಡಿದ ಡಾಕ್ಟರು "ಮಗು ಕೋಳಿಮರಿ ಮುಟ್ಟಿತ್ತಾ?" ಎಂದು ಕೇಳಿದ್ದನ್ನು ಒಬ್ಬ ತಾಯಿ ಬಂದು ನನಗೆ ಹೇಳಿದರು. ಅವರು ಜಗಳ ಆಡಲಿಲ್ಲ. ಸುಮ್ನೆ ಹೇಳಿ ಹೋದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈ ವರ್ಷ ಹೊಸ ಮೆಷಿನ್ ತೆಗೆದುಕೊಂಡಿದ್ದು ಆ ಕಾರಣಕ್ಕೆ. ಶಾಲೆಗೆ ಇನ್ಕ್ಯುಬೇಟರ್ ಕೊಳ್ಳುವವರೆಲ್ಲ "ಎಷ್ಟು ಮರಿ ಆಗುತ್ತದೆ?" ಎಂದು ಕೇಳುತ್ತಾರೆ. ನಾನು ಅಂಗಡಿಯಲ್ಲಿ ಮೊದಲು ಕೇಳಿದ್ದು "ಇದನ್ನು ಬಿಚ್ಚಿ ತೊಳೆಯಲು ಆಗುತ್ತದಾ?" ಎಂದು. ಈ ಬರಹವೂ ಹೆಚ್ಚಾಗಿ ಅದರ ಬಗ್ಗೆಯೇ.

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಾಲ್ಕು ಮತ್ತು ಐದನೇ ತರಗತಿ ನನ್ನದು. ಮೆಷಿನ್ ಕೊಂಡಿದ್ದು ಮೈಸೂರಿನ ಒಂದು ಅಂಗಡಿಯಲ್ಲಿ, 3,850 ರೂಪಾಯಿ. ಹಳದಿ ತಳ, ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ. ಮೊಟ್ಟೆಯನ್ನು ತಾನೇ ಹೊರಳಿಸುವ ತಟ್ಟೆ ಇದೆ. 12 ವೋಲ್ಟ್ ಬ್ಯಾಟರಿಗೆ ಹಾಕುವ ವೈರೂ ಜೊತೆಗೆ ಬರುತ್ತದೆ. ಇದೇ ಮೆಷಿನ್ ಬೇರೆ ಬೇರೆ ಹೆಸರಿನ ಡಬ್ಬಿಯಲ್ಲಿ ಎಲ್ಲ ಕಡೆ ಸಿಗುತ್ತದೆ. ಹಾಗಾಗಿ ಹೆಸರು ನೋಡಬೇಡಿ, ಮೆಷಿನ್ನಿನ ಒಳಗೆ ನೋಡಿ.

ಮೊದಲು ಒಳ್ಳೆಯ ಅಂಶ. ಇದು ನಾಲ್ಕು ಭಾಗವಾಗಿ ಬಿಚ್ಚಿಕೊಳ್ಳುತ್ತದೆ: ತಳ, ನೀರಿನ ಕಾಲುವೆ ಇರುವ ತಟ್ಟೆ, ಹೊರಳಿಸುವ ಜಾಲರಿ, ಮುಚ್ಚಳ. ಮುಚ್ಚಳ ಬಿಟ್ಟು ಉಳಿದ ಮೂರನ್ನೂ ಸೋಪಿನ ನೀರಲ್ಲಿ ಮುಳುಗಿಸಿ ಉಜ್ಜಬಹುದು. ಥರ್ಮಾಕೋಲಿನಲ್ಲಿ ಇದು ಆಗದ ಕೆಲಸ. ಅದರ ಕಾಳು ಕಾಳಿನ ನಡುವೆ ಸಂದಿ ಇರುತ್ತದೆ. ಮೊಟ್ಟೆ ಒಡೆದ ನೀರು, ಹಿಕ್ಕೆ, ಮರಿಯ ಮೈಯ ಲೋಳೆ ಅದರೊಳಗೆ ಇಳಿದುಬಿಟ್ಟರೆ ಮತ್ತೆ ಹೊರಗೆ ಬರುವುದಿಲ್ಲ. ಮೆಷಿನ್ ಒಳಗೆ ಇರುವುದು 37.5 ಡಿಗ್ರಿ ಸೆಲ್ಸಿಯಸ್ ಕಾವು, ಜೊತೆಗೆ ತೇವ. ಮರಿ ಬೆಳೆಯುವ ಹದವೇ ರೋಗಾಣು ಬೆಳೆಯುವ ಹದ. ಹೋದ ವರ್ಷದ ನಾಲ್ಕು ಮರಿಗಳ ಹೊಕ್ಕುಳಿಗೆ ಸೋಂಕು ಹತ್ತಿದ್ದು ಹೀಗೆ. ಹುಟ್ಟಿದ ಗಂಟೆಗಳಲ್ಲಿ ಹೊಕ್ಕುಳು ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಪೆಟ್ಟಿಗೆ ಕೊಳಕಾಗಿದ್ದರೆ ಸೋಂಕು ನೇರ ಒಳಗೆ ಹೋಗುತ್ತದೆ.

ಎರಡನೇ ಒಳ್ಳೆಯದು, ಒಳಗಿನ ತೇವಕ್ಕೆ ಬೇಕಾದ ನೀರನ್ನು ಹೊರಗಿನಿಂದಲೇ ತುಂಬಿಸಬಹುದು. ಪಕ್ಕದಲ್ಲಿ ಒಂದು ತೂತು ಇದೆ, ಮೂತಿ ಇರುವ ಬಾಟಲಿಯಿಂದ ಹಾಕಬೇಕು. ಮುಚ್ಚಳ ತೆಗೆಯಬೇಕಿಲ್ಲ, ಒಳಗೆ ಕೈ ಹಾಕಬೇಕಿಲ್ಲ. ಮಕ್ಕಳಿರುವ ಕಡೆ ಇದು ದೊಡ್ಡ ವಿಷಯ. ನಾನು ಕಾಯಿಸಿ ಆರಿಸಿದ ನೀರು ಮಾತ್ರ ಹಾಕಿದೆ. ನಮ್ಮ ಊರಿನ ಬೋರ್‌ವೆಲ್ ನೀರು ಹಾಗೇ ಹಾಕಿದರೆ ಕಾಲುವೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಅದನ್ನು ಉಜ್ಜುವುದು ಕಷ್ಟ.

ಈಗ ಕೆಟ್ಟದ್ದು. ಫ್ಯಾನು, ಕಾವಿನ ತಂತಿ, ಕರೆಂಟಿನ ಬೋರ್ಡು ಎಲ್ಲವೂ ಮುಚ್ಚಳದ ಒಳಗಡೆಯೇ ಇವೆ. ಮುಚ್ಚಳಕ್ಕೆ ನೀರು ತಾಕಿಸುವ ಹಾಗಿಲ್ಲ. ಮರಿ ಒಣಗುವಾಗ ಮೈಯಿಂದ ಉದುರುವ ನವಿರಾದ ತುಪ್ಪಳ ಇದೆಯಲ್ಲ, ಅದೆಲ್ಲ ಹಾರಿ ಫ್ಯಾನಿನ ರೆಕ್ಕೆಗೆ ಹೋಗಿ ಅಂಟುತ್ತದೆ. ಮೆಷಿನ್ನಿನಲ್ಲಿ ಅತಿ ಕೊಳಕಾಗುವ ಜಾಗವೇ ತೊಳೆಯಲು ಬಾರದ ಜಾಗ. ಫ್ಯಾನಿನ ಮುಂದಿನ ಜಾಲರಿಗೆ ಎರಡು ಸ್ಕ್ರೂ ಕೊಟ್ಟು ಬಿಚ್ಚುವ ಹಾಗೆ ಮಾಡಿದ್ದರೆ ಎಷ್ಟೋ ಸುಲಭ ಆಗುತ್ತಿತ್ತು. ನಾನು ಕರೆಂಟ್ ತೆಗೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳು ಯಾರೂ ಇಲ್ಲದಾಗ ಹೊರಗಡೆ ಹಳೆಯ ಪೇಂಟ್ ಬ್ರಷ್‌ನಿಂದ ತುಪ್ಪಳ ತೆಗೆದೆ. ಆಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಆ ತುಪ್ಪಳದ ಧೂಳು ದಮ್ಮು ಇರುವ ಮಕ್ಕಳಿಗೆ ಒಳ್ಳೆಯದಲ್ಲ. ತರಗತಿಯ ಒಳಗೆ ಈ ಕೆಲಸ ಮಾಡಲೇಬೇಡಿ.

ಇನ್ನೊಂದು ದೋಷ. ಮೆಷಿನ್ 37.8 ತೋರಿಸುವಾಗ ನಾನು ಒಳಗೆ ಇಟ್ಟ ಬೇರೆ ಥರ್ಮಾಮೀಟರ್ 37.2 ತೋರಿಸಿತು. ಮೊಟ್ಟೆ ಇಡುವ ಮೊದಲು ಎರಡು ದಿನ ಖಾಲಿ ಓಡಿಸಿ ನೋಡಿ, ಸರಿ ಮಾಡಿಕೊಳ್ಳಿ. ಕಾವು ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ, ಬಂದದ್ದೂ ಗಟ್ಟಿಮುಟ್ಟಾಗಿರುವುದಿಲ್ಲ.

ಜೊತೆಗೆ ಬಂದ ಪುಸ್ತಕದಲ್ಲಿ ಸ್ವಚ್ಛತೆಯ ಬಗ್ಗೆ ಒಂದೇ ಸಾಲು ಇದೆ, "ಬಳಸಿದ ಮೇಲೆ ಒರೆಸಿ" ಎಂದು. ಕನ್ನಡದಲ್ಲಿ ಒಂದಕ್ಷರವೂ ಇಲ್ಲ. ಹೋದ ವರ್ಷ ನಾನು ಮಾಡಿದ್ದೂ ಅದನ್ನೇ ಅಲ್ವಾ, ಒರೆಸಿದ್ದು.

ಮೊಟ್ಟೆ ನಮಗೆ ಊರಿನ ಮನೆಗಳಿಂದಲೇ ಬಂತು. ನಾಟಿಕೋಳಿ ಮೊಟ್ಟೆ. ಬಿಸಿಯೂಟಕ್ಕೆ ಬರುವ ಮೊಟ್ಟೆಯನ್ನೇ ಇಟ್ಟರೆ ಆಗಲ್ವಾ ಎಂದು ಒಬ್ಬ ಹುಡುಗ ಕೇಳಿದ. ಫಾರಂನಲ್ಲಿ ಮೊಟ್ಟೆ ಕೋಳಿಗಳ ಜೊತೆ ಹುಂಜ ಇರುವುದಿಲ್ಲ, ಹುಂಜ ಇಲ್ಲದ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ ಎಂದೆ. ಅವನ ಮುಖದಲ್ಲಿ ಒಂದು ನಿರಾಳ ಕಂಡಿತು. ಅಷ್ಟು ದಿನ ಮರಿಯನ್ನು ತಿನ್ನುತ್ತಿದ್ದೇನೆ ಎಂದುಕೊಂಡಿದ್ದನಂತೆ.

ಹಿಕ್ಕೆ ಮೆತ್ತಿದ ಮೊಟ್ಟೆ, ಬಿರುಕು ಬಿಟ್ಟ ಮೊಟ್ಟೆ ಬೇಡ ಎಂದು ವಾಪಸ್ ಕಳಿಸಿದೆ. ಒಬ್ಬ ಅಜ್ಜಿಗೆ ಬೇಜಾರಾಯಿತು. "ನೀರಲ್ಲಿ ತೊಳ್ಕೊಂಡ್ರೆ ಆಯ್ತದೆ ಮೇಡಮ್ಮೋರೆ" ಎಂದರು. ತೊಳೆಯಬಾರದು. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರ ಇವೆ. ಮೇಲೆ ಒಂದು ತೆಳು ಪೊರೆ ಅದನ್ನು ಕಾಯುತ್ತಿರುತ್ತದೆ. ತಣ್ಣೀರಲ್ಲಿ ತೊಳೆದರೆ ಪೊರೆ ಹೋಗುತ್ತದೆ, ಒಳಗಿನದು ಕುಗ್ಗಿ ಹೊರಗಿನ ಕೊಳೆನೀರನ್ನು ಹೀರಿಕೊಳ್ಳುತ್ತದೆ. ಅಜ್ಜಿಗೆ ಇದನ್ನು ಹೇಳಿದೆ. ಮಾರನೆಯ ದಿನ ರಾಗಿ ತುಂಬಿದ ಮಡಕೆಯಲ್ಲಿ ಇಟ್ಟಿದ್ದ ಆರು ಮೊಟ್ಟೆ ತಂದುಕೊಟ್ಟರು. ಒಂದಕ್ಕೂ ಕಲೆ ಇರಲಿಲ್ಲ. ಆರರಲ್ಲಿ ಐದು ಮರಿ ಆದವು.

ಕಾವಿಗೆ ಇಟ್ಟಿದ್ದು ನವೆಂಬರಿನ ಒಂದು ಮಂಗಳವಾರ. 21 ದಿನ ಅಂದರೆ ಸರಿಯಾಗಿ ಮೂರು ವಾರ, ಮತ್ತೆ ಮಂಗಳವಾರವೇ ಬರುತ್ತದೆ, ಶಾಲೆ ಇರುವ ದಿನ. 18ನೇ ದಿನ ಶನಿವಾರ. ಆವತ್ತು ಹೊರಳಿಸುವ ಜಾಲರಿ ತೆಗೆದು, ಮೊಟ್ಟೆಗಳನ್ನು ಮಲಗಿಸಿ, ತೇವ ಹೆಚ್ಚಿಸಿ, ಮುಚ್ಚಳ ಹಾಕಿದರೆ ಆಮೇಲೆ ತೆಗೆಯುವ ಹಾಗಿಲ್ಲ. ಭಾನುವಾರ ನಾನೊಬ್ಬಳೇ ಹೋಗಿ ನೀರು ನೋಡಿ ಬಂದೆ.

ಮೆಷಿನ್ ಎಲ್ಲಿ ಇಡಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ನಲಿಕಲಿ ಕೊಠಡಿ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ. ಎಲ್ಲರೂ ಅಲ್ಲೇ ಇಡಿ ಎಂದರು. ಆದರೆ ಒಂದರಿಂದ ಮೂರನೇ ತರಗತಿ ಮಕ್ಕಳು ಅಲ್ಲಿ ನೆಲದ ಮೇಲೆ ಕೂರುತ್ತಾರೆ, ಅದೇ ನೆಲದಲ್ಲಿ ಊಟ ಮಾಡುತ್ತಾರೆ, ಬಿದ್ದ ಪೆನ್ಸಿಲ್ ಬಾಯಿಗೆ ಇಡುತ್ತಾರೆ. ಬೇಡ ಎಂದೆ. ನನ್ನ ತರಗತಿಯ ಕಿಟಕಿಯಿಂದ ದೂರದ ಮೂಲೆಯಲ್ಲಿ, ಮೇಜಿನ ಮೇಲೆ ಇಟ್ಟೆ. ಚಿಕ್ಕ ಮಕ್ಕಳು ಸಾಲಾಗಿ ಬಂದು ಮುಚ್ಚಳದ ಮೂಲಕ ನೋಡಿ ಹೋದರು. ಐದು ವರ್ಷದೊಳಗಿನ ಮಕ್ಕಳು ಮರಿ ಮುಟ್ಟಬಾರದು ಎಂಬುದು ಆರೋಗ್ಯ ತಜ್ಞರ ಮಾತು. ನಾನು ಅದಕ್ಕಿಂತ ಸ್ವಲ್ಪ ಬಿಗಿಯಾಗಿ, ನಾಲ್ಕನೇ ತರಗತಿಗಿಂತ ಕೆಳಗಿನವರು ಯಾರೂ ಮುಟ್ಟುವುದು ಬೇಡ ಎಂದು ಇಟ್ಟುಕೊಂಡೆ. ಅಳು ಬಂತು, ಕೆಲವರಿಗೆ. ಆದರೂ ಬಿಡಲಿಲ್ಲ.

ಕಾರಣ ಇದು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಇರಬಹುದು. ಕೋಳಿಗೆ ಏನೂ ಆಗಿರುವುದಿಲ್ಲ, ಮರಿ ನೋಡಲು ಚೊಕ್ಕಟವಾಗಿ, ಚುರುಕಾಗಿಯೇ ಇರುತ್ತದೆ. ಹಿಕ್ಕೆಯಿಂದ ಅದು ಗರಿಗೆ, ಕಾಲಿಗೆ, ಕೆಳಗೆ ಹಾಸಿದ ಹೊಟ್ಟಿಗೆ, ನೀರಿನ ಬಟ್ಟಲಿಗೆ ಹತ್ತುತ್ತದೆ. ಅಲ್ಲಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಆರು ಗಂಟೆಯಿಂದ ಆರು ದಿನದೊಳಗೆ ಭೇದಿ, ಜ್ವರ, ಹೊಟ್ಟೆನುಲಿತ ಶುರುವಾಗುತ್ತದೆ. ಹೆಚ್ಚಿನವರಿಗೆ ನಾಲ್ಕರಿಂದ ಏಳು ದಿನದಲ್ಲಿ ವಾಸಿಯಾಗುತ್ತದೆ. ಆದರೆ ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ, ರೋಗ ತಡೆಯುವ ಶಕ್ತಿ ಕಡಿಮೆ ಇರುವವರಿಗೆ ಇದು ಜೋರಾಗಬಹುದು. ನಮ್ಮ ಶಾಲೆಯ ಎಷ್ಟೋ ಮಕ್ಕಳು ಸಂಜೆ ಹೋಗಿ ಕೂರುವುದು ಅಜ್ಜಿಯ ಮಡಿಲಲ್ಲಿ, ಎತ್ತಿಕೊಳ್ಳುವುದು ಮನೆಯ ಕೂಸನ್ನು.

ಮರಿ ಮುಟ್ಟುವ ಹೊತ್ತನ್ನು ಕೊನೆಯ ಪೀರಿಯಡ್‌ಗೆ ಇಟ್ಟೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನ ಊಟ, ಎರಡೂ ಮುಗಿದಿರಬೇಕು. ಮೂರು ಮೂರು ಮಕ್ಕಳು, ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ, ಮುಖದಿಂದ ದೂರ. ಮುದ್ದಾದ ಮರಿ ಕಂಡರೆ ಕೆನ್ನೆಗೆ ಒತ್ತಿಕೊಳ್ಳುವ ಆಸೆ ಯಾವ ಮಗುವಿಗೆ ಬರುವುದಿಲ್ಲ? ಮೊದಲ ದಿನ ಒಬ್ಬಳು ಮುತ್ತು ಕೊಟ್ಟೇಬಿಟ್ಟಳು. ಬೈಯಲಿಲ್ಲ. ಸೋಪು ಹಚ್ಚಿ ಮುಖ ತೊಳೆಸಿದೆ. ಮಾರನೆಯ ದಿನದಿಂದ ಅವಳೇ ಉಳಿದವರನ್ನು ತಡೆಯಲು ನಿಂತಳು.

ಕೈ ತೊಳೆಯಲು ಇಪ್ಪತ್ತು ಸೆಕೆಂಡ್ ಬೇಕು. ನಮ್ಮಲ್ಲಿ ಎರಡೇ ನಲ್ಲಿ, ಗಡಿಯಾರ ನೋಡುತ್ತ ನಿಲ್ಲಲು ಆಗುವುದಿಲ್ಲ. ಎರಡರ ಮಗ್ಗಿ ಹೇಳಿಸಿದೆ. "ಎರಡೊಂದ್ಲೆ ಎರಡು"ವಿನಿಂದ "ಎರಡ್ಹತ್ಲೆ ಇಪ್ಪತ್ತು"ವರೆಗೆ ನಿಧಾನವಾಗಿ ಹೇಳಿದರೆ ಸರಿಯಾಗಿ ಅಷ್ಟೇ ಹೊತ್ತು. ಬೆರಳ ಸಂದಿ, ಉಗುರು, ಮುಂಗೈ ಎಲ್ಲ ಉಜ್ಜಬೇಕು. ಸ್ಯಾನಿಟೈಸರ್ ಸಾಕಲ್ವಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕೈಗೆ ಹಿಕ್ಕೆ, ಮಣ್ಣು ಮೆತ್ತಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ನೀರು, ಸೋಪು ಇರುವಾಗ ಅದೇ ಬೇಕು.

ಏಳನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚಿಗೆ ಹಿಡಿದು ನೋಡಿದೆವು. 24ರಲ್ಲಿ ಐದು ಗೊಡ್ಡು ಮೊಟ್ಟೆ. ಎರಡರಲ್ಲಿ ರಕ್ತದ ಉಂಗುರ ಮಾತ್ರ ಇತ್ತು, ಒಳಗಿನ ಜೀವ ನಿಂತಿತ್ತು. ಉಳಿದ ಹದಿನೇಳರಲ್ಲಿ ಜೇಡರ ಬಲೆಯ ಹಾಗೆ ನರ ಹರಡಿಕೊಂಡಿದ್ದವು. ನಡುವೆ ಕಪ್ಪು ಚುಕ್ಕಿ ಅಲುಗುತ್ತಿತ್ತು. ಆ ಹೊತ್ತಿನ ಮಕ್ಕಳ ಮೌನ ನನಗೆ ಈಗಲೂ ನೆನಪಿದೆ.

ಗೊಡ್ಡು ಮೊಟ್ಟೆಯನ್ನು ಒಬ್ಬ ತಂದೆ ಮನೆಗೆ ಕೇಳಿದರು. ಆಮ್ಲೆಟ್ಟಿಗೆ ಆಗುತ್ತದೆ, ಸುಮ್ನೆ ಹಾಳು ಯಾಕೆ ಎಂದು. ಕೊಡಲಿಲ್ಲ. ಏಳು ದಿನ 37.5 ಡಿಗ್ರಿಯಲ್ಲಿ ಕೂತ ಮೊಟ್ಟೆ ಊಟದ ವಸ್ತು ಅಲ್ಲ. ನಾಯಿಗೂ ಹಾಕಬಾರದು. ಶಾಲೆಯ ಹಿಂದೆ ಆಳವಾಗಿ ಗುಂಡಿ ತೆಗೆದು ಮುಚ್ಚಿದೆವು. ಹೊರಗೇ ಬಿಟ್ಟಿದ್ದರೆ ರಾತ್ರಿ ನಾಯಿ, ಮುಂಗುಸಿ ಎಳೆದು ಹಾಕುತ್ತಿದ್ದವು.

ಹದಿನೈದನೇ ದಿನ ಬೆಳಿಗ್ಗೆ ಕೊಠಡಿಯ ಬಾಗಿಲು ತೆಗೆದ ತಕ್ಷಣ ವಾಸನೆ. ಒಂದು ಮೊಟ್ಟೆಯಿಂದ ಹಳದಿ ರಸ ಒಸರುತ್ತಿತ್ತು. ಇಂಥ ಮೊಟ್ಟೆ ಒಳಗಿನ ಅನಿಲದಿಂದ ಸಿಡಿದರೆ ಉಳಿದ ಎಲ್ಲ ಮೊಟ್ಟೆಗೂ ಕೊಳೆ ಎರಚುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ನಿಧಾನವಾಗಿ ತೆಗೆದು ಹೂತೆ. ಜಾಲರಿಯ ಆ ಭಾಗ ಒರೆಸಿದೆ. ಥರ್ಮಾಕೋಲ್ ಆಗಿದ್ದರೆ ಆವತ್ತೇ ಎಲ್ಲ ಮುಗಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಪ್ಲಾಸ್ಟಿಕ್ ನಯವಾಗಿದ್ದರಿಂದ ಒಂದೇ ಒರೆಸಿಗೆ ಬಂತು.

ಕರೆಂಟ್ ಒಂದು ಸಲ ಮೂರು ಗಂಟೆ ಹೋಯಿತು. 12 ವೋಲ್ಟ್ ಬ್ಯಾಟರಿಗೆ ಹಾಕಿದೆವು, ತೊಂದರೆ ಆಗಲಿಲ್ಲ.

ಮಂಗಳವಾರ ಸಂಜೆ ಮೊದಲ ಚಿಪ್ಪು ಬಿರಿಯಿತು. ಬುಧವಾರ ಸಂಜೆಯ ಹೊತ್ತಿಗೆ ಹದಿನಾಲ್ಕು ಮರಿ. ಎರಡು ಬರಲೇ ಇಲ್ಲ. "ಮಿಸ್, ಆಚೆ ತೆಗೀರಿ, ಅದ್ಕೆ ಹಸಿವಾಯ್ತದೆ" ಎಂದು ಮಕ್ಕಳು ಗೋಗರೆದರು. ಮರಿ ಹುಟ್ಟುವ ಮೊದಲೇ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಎರಡು ದಿನ ಅದೇ ಅದರ ಬುತ್ತಿ. ಮೈ ಪೂರ್ತಿ ಒಣಗಿ, ಉಬ್ಬಿದ ಹತ್ತಿಯ ಹಾಗೆ ಆಗುವವರೆಗೆ ತೆಗೆಯಲಿಲ್ಲ.

ಹೊರಗೆ ಬಂದ ಮರಿಗಳ ಮನೆಗೆ ಮೆಷಿನ್ ಬೇಡ, ಅಂಗಡಿಯಲ್ಲಿ ಮಾರಲು ಬಂದ 1,200 ರೂಪಾಯಿಯ ಪ್ಲಾಸ್ಟಿಕ್ ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಗೂಡು) ನಾನು ಬಿಟ್ಟೆ. ದಿನಸಿ ಅಂಗಡಿಯ ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ಕೆಲಸ ಮುಗಿದ ಮೇಲೆ ಅದನ್ನು ಎಸೆಯಬಹುದು, ತೊಳೆಯುವ ಗೋಜೇ ಇಲ್ಲ. ತಳಕ್ಕೆ ಭತ್ತದ ಹೊಟ್ಟು, ಮೊದಲ ಮೂರು ದಿನ ಅದರ ಮೇಲೆ ಒರಟು ಗೋಣಿ ಬಟ್ಟೆ. ಬರೀ ನ್ಯೂಸ್‌ಪೇಪರ್ ಹಾಸಿದರೆ ಜಾರಿ ಮರಿಯ ಕಾಲು ಅಗಲವಾಗಿಬಿಡುತ್ತದೆ. ಮೊದಲ ವಾರ ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ ಇರಬೇಕು. ನೀರಿನ ತಟ್ಟೆಗೆ ಹುಡುಗರು ತಮ್ಮ ಗೋಲಿಗಳನ್ನು ತಂದು ಹಾಕಿದರು, ಮರಿ ಮುಳುಗದಿರಲಿ ಎಂದು. ಗೋಲಿಯನ್ನು ದಿನಾ ತೊಳೆದೆ. ಒದ್ದೆಯಾದ ಹೊಟ್ಟನ್ನು ದಿನಕ್ಕೆ ಎರಡು ಸಲ ತೆಗೆದೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಲಿಲ್ಲ. ಹಿಕ್ಕೆ ಬಳಿಯುವುದು ದೊಡ್ಡವರ ಕೆಲಸ.

ಹದಿನಾಲ್ಕೂ ಬದುಕಿದವು. ಒಂದರ ಹೊಕ್ಕುಳೂ ಒದ್ದೆಯಾಗಲಿಲ್ಲ. ಒಂದು ಮಗುವಿಗೂ ಭೇದಿ ಆಗಲಿಲ್ಲ. ನಾನು ಮೆಷಿನ್ನಿಗೆ ಕೊಟ್ಟ 3,850 ರೂಪಾಯಿಯನ್ನು ಈ ಮೂರು ಮಾತಿನ ಮೇಲೆ ತೂಗುತ್ತೇನೆ. ಫ್ಯಾನಿನ ತೊಂದರೆ ಇದ್ದರೂ ಕೊಂಡಿದ್ದು ಸರಿ. ಮನೆಯಲ್ಲಿ ನೂರಾರು ಮರಿ ಮಾಡಿಸುವವರಿಗೆ ಇದು ಸಣ್ಣದಾಯಿತು. ಶಾಲೆಗೆ 24 ಮೊಟ್ಟೆಯೇ ಜಾಸ್ತಿ, ಹನ್ನೆರಡು ಇಟ್ಟರೂ ಪಾಠ ಅಷ್ಟೇ ಚೆನ್ನಾಗಿ ಆಗುತ್ತದೆ.

ಮರಿಗಳನ್ನು ಮಗುವಿಗೊಂದರಂತೆ ಹಂಚಲಿಲ್ಲ. ಮೊಟ್ಟೆ ಕೊಟ್ಟ ಮನೆಗಳಿಗೇ ವಾಪಸ್ ಹೋಗಬೇಕು ಎಂದು ಮೊದಲೇ ಮಾತಾಗಿತ್ತು. ಅದಕ್ಕೂ ಮೊದಲು ಕೊಕ್ಕರೆ ರೋಗದ (ರಾಣಿಖೇತ್ ಎನ್ನುವ ಕೋಳಿಗಳ ಅಂಟುರೋಗ) ಲಸಿಕೆ ಹಾಕಿಸಿದೆವು. ಆ ಔಷಧಿಯ ಸಣ್ಣ ಸೀಸೆಯೇ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಒಡೆದ ಮೇಲೆ ಉಳಿಸಲು ಆಗುವುದಿಲ್ಲ. ಹಾಗಾಗಿ ಊರಿನವರೂ ತಮ್ಮ ಮರಿಗಳನ್ನು ಮಂಕರಿಯಲ್ಲಿ ತಂದರು. ಶಾಲೆಯ ಮರಿಗಳಿಂದ ಊರಿನ ಮರಿಗಳಿಗೂ ಲಸಿಕೆ ಆಯಿತು.

ಕಾವಿಗೆ ಇಡುವ ಮೊದಲು ಪಶು ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ, ಸುತ್ತಮುತ್ತ ಹಕ್ಕಿಜ್ವರದ ಸುದ್ದಿ ಇದೆಯಾ ಎಂದು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಅದು ಕಾಣಿಸಿಕೊಂಡಿತ್ತು. ಅಂಥ ಸಮಯದಲ್ಲಿ ಈ ಕೆಲಸವೇ ಬೇಡ.

ಕೊನೆಗೆ ತೊಳೆದ ಬಗೆ. ಬಿಸಿಯೂಟದ ತಟ್ಟೆ ತೊಳೆಯುವ ಜಾಗದಲ್ಲಿ ಅಲ್ಲ, ಹೊಂಗೆ ಮರದ ಹತ್ತಿರ, ಬೇರೆ ಬಕೆಟ್‌ನಲ್ಲಿ. ಆ ಬಕೆಟ್‌ಗೆ ಕೆಂಪು ಬಣ್ಣ ಬಳಿದು ಇಟ್ಟಿದ್ದೇನೆ, ಅಡುಗೆಯವರು ತಪ್ಪಿಯೂ ಮುಟ್ಟದ ಹಾಗೆ. ಮೊದಲು ಸೋಪಿನ ನೀರಲ್ಲಿ ಕೊಳೆ ಪೂರ್ತಿ ಹೋಗುವವರೆಗೆ ಉಜ್ಜಿದೆ. ಜಾಲರಿಯ ಗೆರೆಗಳಿಗೆ ಹಳೆಯ ಟೂತ್‌ಬ್ರಷ್ ಬೇಕಾಯಿತು. ಆಮೇಲೆ ಬ್ಲೀಚಿಂಗ್ ಪೌಡರ್ ನೀರು, ಪ್ಯಾಕೆಟ್ ಮೇಲೆ ಬರೆದ ಅಳತೆಗೆ. ಕೊಳೆ ಇದ್ದ ಹಾಗೇ ಬ್ಲೀಚ್ ಹಾಕಿದರೆ ಅದು ಕೊಳೆಯ ಮೇಲೆಯೇ ಖರ್ಚಾಗಿಬಿಡುತ್ತದೆ. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಹತ್ತು ನಿಮಿಷ ಬಿಟ್ಟು, ಒಳ್ಳೆಯ ನೀರಲ್ಲಿ ಜಾಲಾಡಿ, ಎರಡು ದಿನ ಬಿಸಿಲಿಗೆ ಇಟ್ಟೆ.

ಈಗ ಮೆಷಿನ್ ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿದೆ. ಕನ್ನಡದಲ್ಲಿ ಒಂದು ಹಾಳೆ ಬರೆದು ಮುಚ್ಚಳಕ್ಕೆ ಅಂಟಿಸಿದ್ದೇನೆ. ಫೆಬ್ರುವರಿಯಲ್ಲಿ ಪಕ್ಕದ ಊರಿನ ಶಾಲೆಯವರು ಕೇಳಿದ್ದಾರೆ. ಮೆಷಿನ್ ಜೊತೆ ಆ ಕೆಂಪು ಬಕೆಟ್ಟನ್ನೂ ಕಳಿಸುತ್ತೇನೆ.